ದೈವದ ಬಾಕಿ ಮತ್ತು ನಮ್ಮ ಕಾದಂಬರಿ

ಹೊರನಾಡಿಗೆ ಬರುವವರು ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಪ್ರಸಾದದ ಊಟ ಮುಗಿಸಿ, ಕಳಸದ ದಾರಿ ಹಿಡಿಯುತ್ತಾರೆ. 1973ರಲ್ಲಿ ಮರುಪ್ರತಿಷ್ಠೆಯಾದ ಆ ದೇವಿಯ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಅದೇ ದಾರಿಯ ಎರಡೂ ಬದಿಯ ಕಾಫಿ ತೋಟಗಳ ಒಳಗೆ, ಹಳ್ಳದ ಮಗ್ಗುಲಲ್ಲಿ, ಕಡಿಯದೆ ಬಿಟ್ಟ ಮರಗಳ ಬುಡದಲ್ಲಿ ಕೂತಿರುವ ಕಲ್ಲುಗಳು ಯಾತ್ರಿಕರ ಕಣ್ಣಿಗೆ ಬೀಳುವುದಿಲ್ಲ. ಒಂದು ಚೌಡಿ, ಒಂದು ಗುಳಿಗ, ಒಂದು ಪಂಜುರ್ಲಿ, ತೋಟದ ಅಂಚಿನಲ್ಲೊಂದು ನಾಗ. ನಮ್ಮ ದಿನನಿತ್ಯದ ವ್ಯವಹಾರ ಹೆಚ್ಚಾಗಿ ಇರುವುದು ಇವರ ಜೊತೆ. ದೇವಿಯ ಮುಂದೆ ನಿಂತು ಬೇಡಿಕೊಳ್ಳುತ್ತೇವೆ. ಇವರ ಮುಂದೆ ಮಾತು ಕೊಡುತ್ತೇವೆ, ಕೊಟ್ಟ ಮಾತಿಗೆ ಲೆಕ್ಕ ಒಪ್ಪಿಸುತ್ತೇವೆ.

ಈ ಬದುಕನ್ನು ಕನ್ನಡದ ಕಾದಂಬರಿ, ನಾಟಕ, ಸಿನಿಮಾ ತೊಂಬತ್ತು ವರ್ಷಗಳಿಂದ ಮುಟ್ಟುತ್ತ ಬಂದಿವೆ. ಅದನ್ನೊಂದು ಪರಂಪರೆ ಎಂದೇ ಕರೆಯಬಹುದು. ಆ ಪುಸ್ತಕಗಳನ್ನು ಆಸೆಯಿಂದ ಓದಿದವನು ನಾನು, ವರ್ಷಕ್ಕೊಮ್ಮೆ ಈ ದೈವಗಳಿಗೆ ಸಲ್ಲಿಸುವ ತಂಬಿಲ ತಪ್ಪಿಸದ ಮನೆಯವನೂ ಹೌದು. ನನ್ನ ತಕರಾರು ಒಂದೇ. ನಮ್ಮ ಲೇಖಕರು ದೈವ ನಿಜವೇ ಎಂದು ಕೇಳಿದರು, ದೈವ ಯಾವುದರ ಸಂಕೇತ ಎಂದು ಕೇಳಿದರು. ದೈವಕ್ಕೆ ಏನು ಸಲ್ಲಬೇಕು, ಯಾರು ಸಲ್ಲಿಸಬೇಕು, ಎಲ್ಲಿಯವರೆಗೆ ಎಂದು ಕೇಳಿದವರು ಬಹಳ ಕಡಿಮೆ.

ಪಶ್ಚಿಮದಲ್ಲಿ ಇಂಥದೇ ಹಳೆಯ ದೇವರುಗಳನ್ನು ಅರಸಿ, ತಮ್ಮನ್ನು ಪೇಗನ್ ಎಂದು ಹೇಳಿಕೊಂಡು ಬದುಕುವವರು ಇವತ್ತು ಲಕ್ಷಗಟ್ಟಲೆ ಇದ್ದಾರೆ. ಅವರ ಕಷ್ಟ ನಮ್ಮದಕ್ಕೆ ತೀರ ವಿರುದ್ಧವಾದದ್ದು. ಇಂಗ್ಲೆಂಡಿನಲ್ಲಿ ಮಾಟಗಾತಿಯರ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಪುಸ್ತಕ ಬರೆದು, ಕ್ರೈಸ್ತ ಮತಕ್ಕಿಂತ ಹಿಂದಿನ ಆರಾಧನೆಯೊಂದು ಗುಟ್ಟಾಗಿ ಉಳಿದು ಬಂದಿದೆ ಎಂದ. ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಆ ಆರಾಧನೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದೇ, ಅದರ ಬೇರು ಹಿಂದಿನ ಕಾಲದ ಕವಿತೆ, ಕಾದಂಬರಿ, ಜಾನಪದ ಸಂಗ್ರಹಗಳಲ್ಲಿದೆ ಎಂದು ತೋರಿಸಿದ. ಅಮೆರಿಕದಲ್ಲಿ ರಾಬರ್ಟ್ ಹೈನ್‌ಲೈನ್ 1961ರ ಕಾದಂಬರಿಯಲ್ಲಿ ಕಲ್ಪಿಸಿದ್ದ ಪಂಥವನ್ನೇ ಎತ್ತಿಕೊಂಡು ಕೆಲವು ಯುವಕರು ನಿಜವಾದ ಪಂಥ ಕಟ್ಟಿದರು. 1983ರಲ್ಲಿ ಬಂದ ಮೇರಿಯನ್ ಜಿಮ್ಮರ್ ಬ್ರಾಡ್ಲಿಯ ಆವಲಾನ್ ಕಾದಂಬರಿಯನ್ನು ಓದಿ ದೇವಿಯ ಕಡೆಗೆ ತಿರುಗಿದ ಹೆಂಗಸರು ಎಷ್ಟೋ ಜನ. ಅಲ್ಲಿ ಪುಸ್ತಕ ಮೊದಲು ಬಂತು, ದೇವರು ಆಮೇಲೆ. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಕಡಿದುಹೋದ ಸಂಬಂಧವನ್ನು ಓದಿನ ಮೂಲಕವಾದರೂ ಕೂಡಿಸಿಕೊಳ್ಳಬೇಕು ಎನ್ನುವ ಹಂಬಲ ದೊಡ್ಡದು.

ನಮ್ಮಲ್ಲಿ ಕಲ್ಲು ಮೊದಲೇ ಇತ್ತು, ಕಾದಂಬರಿ ಅದನ್ನು ಪರೀಕ್ಷೆ ಮಾಡಲು ಬಂತು. ಅದಕ್ಕೂ ಮೊದಲು ಪಾದ್ರಿಗಳೂ ಬ್ರಿಟಿಷ್ ಅಧಿಕಾರಿಗಳೂ ಬಂದಿದ್ದರು. ಬರ್ನೆಲ್ ಎಂಬ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳು, 1890ರ ದಶಕದಲ್ಲಿ ಅಚ್ಚಾದಾಗ ಅವಕ್ಕೆ ಸಿಕ್ಕ ತಲೆಬರಹ, ತುಳುವರ ಪಿಶಾಚಿ ಪೂಜೆ ಎಂಬುದು. ಓದುಬರಹ ಕಲಿತ ನಮ್ಮವರ ಮೊದಲ ತಲೆಮಾರು ಆ ತಲೆಬರಹದ ನೆರಳಲ್ಲೇ ಬೆಳೆಯಿತು.

ಈ ವ್ಯವಹಾರ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಹೇಳಬೇಕು. ತಂಬಿಲದ ದಿನ ಬೆಳಿಗ್ಗೆ ಕಲ್ಲಿನ ಸುತ್ತಲಿನ ಕಳೆ ತೆಗೆದು, ನೀರು ಚಿಮುಕಿಸಿ, ತುದಿ ಬಾಳೆಎಲೆ ಹಾಕುತ್ತಾರೆ. ಅರಳು, ಅವಲಕ್ಕಿ, ಬೆಲ್ಲ, ಸಿಯಾಳ, ಒಂದು ಹಿಂಗಾರ. ಗುಳಿಗನಿಗೂ ಚೌಡಿಗೂ ಕೋಳಿ ಬೇರೆ. ಎಲ್ಲ ಆದ ಮೇಲೆ ದೊಡ್ಡಪ್ಪ ತಲೆಗೆ ಸುತ್ತಿದ ಬೈರಾಸು ತೆಗೆದು ಹೆಗಲಿಗೆ ಹಾಕಿ ನಿಲ್ಲುತ್ತಾರೆ. "ಈ ಮಳೆಗಾಲ ದನಕರು ಕಾಪಾಡಿದ್ದೀರಿ, ಕೆಲಸದವರಿಗೆ ಹುಳಹುಪ್ಪಟೆ ಮುಟ್ಟಲಿಲ್ಲ. ಹೇಳಿದ್ದನ್ನು ತಂದಿದ್ದೇವೆ. ಹೆಚ್ಚುಕಡಿಮೆ ಆಗಿದ್ದರೆ ತಪ್ಪುಕಾಣಿಕೆ ಇಟ್ಟಿದ್ದೇವೆ, ಒಪ್ಪಿಸಿಕೊಳ್ಳಬೇಕು." ಸ್ತೋತ್ರವಿಲ್ಲ, ಹೊಗಳಿಕೆಯಿಲ್ಲ. ಏನು ಸಂದಿತು, ಏನು ಬಾಕಿ ಎಂಬುದಷ್ಟೇ. ಕೋಲವಾದರೆ ದೈವ ಮೈಮೇಲೆ ಬಂದ ಪಾತ್ರಿಯ ನುಡಿಯಲ್ಲಿ ಆ ಕಡೆಯ ಲೆಕ್ಕವೂ ಬರುತ್ತದೆ. ಮೇಲಿನ ಗದ್ದೆಯ ಬೇಲಿ ಯಾಕೆ ಸರಿಯಿತು, ಅಣ್ಣತಮ್ಮಂದಿರ ಮಾತು ಯಾಕೆ ನಿಂತಿತು, ಬನದ ಹಲಸು ಯಾರ ಅಪ್ಪಣೆಯಿಂದ ಉರುಳಿತು. ಮೂಡಿಗೆರೆ ಕಡೆಯ ಊರುಗಳಲ್ಲಿ ಸುಗ್ಗಿಯ ದಿನಗಳಿಗೆ ಕಟ್ಟು ಬಿದ್ದರೆ ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ, ಅಡಿಗೆಗೆ ಒಗ್ಗರಣೆ ಹಾಕುವಂತಿಲ್ಲ. ಇಡೀ ಊರು ಒಟ್ಟಿಗೆ ಕೈ ಹಿಡಿತದಲ್ಲಿಟ್ಟುಕೊಳ್ಳುತ್ತದೆ.

ಈ ಒಪ್ಪಂದ ಸಮಾನರ ನಡುವಿನದಾಗಿರಲಿಲ್ಲ. ದೈವ ಕಟ್ಟುವವರು ಪಂಬದರು, ನಲಿಕೆಯವರು, ಪರವರು. ಆ ಒಂದು ರಾತ್ರಿ ಧಣಿ ಅವರ ಮುಂದೆ ತಲೆಬಾಗುತ್ತಿದ್ದ, ಬೆಳಗಾದ ಮೇಲೆ ಅದೇ ಧಣಿಯ ಅಂಗಳದ ಅಂಚಿನಲ್ಲಿ ಅವರು ನಿಲ್ಲಬೇಕಿತ್ತು. ದೈವದ ಮಾತು ಕೆಲವು ಸಲ ಬಡವನ ಪರ ಬಿದ್ದದ್ದುಂಟು, ಬಹಳ ಸಲ ಧಣಿಯ ಗಡಿಯನ್ನೇ ಕಾಯ್ದದ್ದುಂಟು. ಇದನ್ನು ಮರೆಸಿ ದೈವಾರಾಧನೆಯನ್ನು ಬರೀ ಪರಿಸರ ಪ್ರೀತಿಯ ಪಾಠವಾಗಿ ಮಾಡುವ ಈಚಿನ ಬರಹಗಳನ್ನು ನಾನು ಒಪ್ಪಲಾರೆ.

ಶಿವರಾಮ ಕಾರಂತರಿಗೆ ಇದು ಗೊತ್ತಿತ್ತು. ಅದಕ್ಕೇ ಈ ಪರಂಪರೆಯ ಮೊದಲ ದೊಡ್ಡ ಕೃತಿ 'ಚೋಮನ ದುಡಿ' ಇವತ್ತಿಗೂ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. 1933ರ ಕಾದಂಬರಿ. ಚೋಮನಿಗೆ ಬೇಕಾದದ್ದು ಬೇಸಾಯಕ್ಕೊಂದು ತುಂಡು ನೆಲ. ಹೊಲೆಯನಿಗೆ ಆ ನೆಲ ಸಿಗುವಂತಿಲ್ಲ. ಮಕ್ಕಳನ್ನು ಸಾಲ ತೀರಿಸಲು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಕಳಿಸುತ್ತಾನೆ. ನಮ್ಮ ಬೆಟ್ಟಗಳು ಆ ಕಾದಂಬರಿಗೆ ಬರುವುದು ಸಾಲ ಮತ್ತು ಜ್ವರದ ಊರಾಗಿ, ಅದನ್ನು ಓದುವಾಗ ಇಲ್ಲಿನವನಿಗೆ ನಾಚಿಕೆಯಾಗುತ್ತದೆ. ಕ್ರೈಸ್ತನಾದರೆ ನೆಲ ಸಿಕ್ಕೀತು ಎಂಬ ಆಸೆಯಿಂದ ಹೊರಟ ಚೋಮನನ್ನು ಹಿಂದಕ್ಕೆ ಎಳೆಯುವುದು ಪಂಜುರ್ಲಿಯ ಮೇಲಿನ ನಿಷ್ಠೆ. ಎಷ್ಟೋ ವಿಮರ್ಶಕರು ಇದನ್ನು ಮೌಢ್ಯದ ಹಿಡಿತ ಎಂದು ಓದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಲೋಕದಲ್ಲಿ ಯಾರೂ ಚೋಮನ ಜೊತೆ ಒಪ್ಪಂದ ಮಾಡಿಕೊಳ್ಳಲಿಲ್ಲ. ಅವನ ಮಾತನ್ನು ಮಾತೆಂದು ಹಿಡಿದದ್ದು ಆ ದೈವ ಒಂದೇ. ಅದನ್ನೂ ಮುರಿದರೆ ಅವನ ಮಾತಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಕಾರಂತರು ಭೂತವನ್ನು ನಂಬಿದವರಲ್ಲ, ಆದರೂ ಅದು ಯಾರಿಗೆ ಏನನ್ನು ಉಳಿಸಿಕೊಟ್ಟಿತ್ತು ಎಂಬುದನ್ನು ನಂಬಿಗಸ್ತರಿಗಿಂತ ಚೆನ್ನಾಗಿ ಕಂಡರು.

ಕುವೆಂಪು ನಮ್ಮ ಜಿಲ್ಲೆಯಲ್ಲೇ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು. 1936ರ 'ಕಾನೂರು ಹೆಗ್ಗಡಿತಿ'ಯಲ್ಲಿ ಹೂವಯ್ಯನ ಓದು, ವಿಚಾರ ಭೂತದ ಬಲಿಗೆ ಎದುರಾಗಿ ನಿಲ್ಲುತ್ತವೆ. ಲೇಖಕರ ಮನಸ್ಸೂ ಹೂವಯ್ಯನ ಪಕ್ಕದಲ್ಲೇ ಇದೆ. ಅದು ಆ ಕಾಲಕ್ಕೆ ಬೇಕಾಗಿದ್ದ ಧೈರ್ಯ. ಆದರೆ ಹಾಗೆ ನಿಂತಾಗ ಬನ ಕಾಡಾಗಿ ಸುಂದರವಾಗಿ ಉಳಿಯುತ್ತದೆ, ಅದರೊಳಗೆ ಕೂತವರು ಮಾತ್ರ ಎದ್ದು ಹೋಗುತ್ತಾರೆ. 1967ರ 'ಮಲೆಗಳಲ್ಲಿ ಮದುಮಗಳು' ಬರೆಯುವ ಹೊತ್ತಿಗೆ ಅದೇ ಕುವೆಂಪು ತೀರ್ಪು ಕೊಡುವುದನ್ನು ನಿಲ್ಲಿಸಿದ್ದರು. ಅಲ್ಲಿ ಗುತ್ತಿಯ ನಾಯಿ ಹುಲಿಯನಿಗೆ, ಮಳೆಗೆ, ಉಂಬಳಕ್ಕೆ, ಭೂತದ ಭಯಕ್ಕೆ, ಪಾದ್ರಿಯ ಬೈಸಿಕಲ್ಲಿಗೆ ಒಂದೇ ತೂಕ. ಪೇಗನ್ ಬದುಕಿನ ಕಾದಂಬರಿ ಎಂದು ಕನ್ನಡದಲ್ಲಿ ಒಂದನ್ನೇ ತೋರಿಸು ಎಂದರೆ ನಾನು ಇದನ್ನು ತೋರಿಸುತ್ತೇನೆ, ಕುವೆಂಪು ಆ ಹೆಸರನ್ನು ಒಪ್ಪುತ್ತಿರಲಿಲ್ಲವಾದರೂ.

ನವ್ಯದವರ ವಿಷಯ ಬೇರೆ. ಅನಂತಮೂರ್ತಿಯವರ 'ಭಾರತೀಪುರ'ದಲ್ಲಿ ಮಂಜುನಾಥನ ಕೆಳಗೆ ಭೂತರಾಯನಿದ್ದಾನೆ. ದೇವಸ್ಥಾನದ ಹೊಸ್ತಿಲು ದಾಟಿದರೆ ಭೂತರಾಯ ರಕ್ತ ಕಾರಿಸುತ್ತಾನೆ ಎಂಬುದು ಹೊಲೆಯರ ಭಯ. ದೇವರ ದಂಡ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಇದು ಚೂಪಾಗಿ ಕಾಣಿಸುತ್ತದೆ. ಆದರೆ ಭೂತರಾಯನ ಪಾಲಿನ ಕಥೆ ಅಲ್ಲಿಗೇ ಮುಗಿಯುತ್ತದೆ, ಕಾದಂಬರಿ ನಾಯಕ ಜಗನ್ನಾಥನ ಒಳತೋಟಿಗೆ ಮರಳುತ್ತದೆ. 1986ರ ಚಂದ್ರಗುತ್ತಿಯ ಗಲಾಟೆಯ ನಂತರ ಬೆತ್ತಲೆ ಪೂಜೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ತಮ್ಮ ವೈಚಾರಿಕತೆಯನ್ನೇ ಪ್ರಶ್ನಿಸಿಕೊಂಡರು. ಅದರಲ್ಲೊಬ್ಬ ರೈತ ಬರುತ್ತಾನೆ. ಚಿತ್ರಕಾರನೊಬ್ಬ ಅವನ ಪೂಜೆಯ ಕಲ್ಲನ್ನು ಫೋಟೊ ತೆಗೆಯಲು ಬಿಸಿಲಿಗೆ ತಂದು, ಮೈಲಿಗೆಯಾಯಿತೇನೋ ಎಂದು ಅಳುಕಿದರೆ, ಇನ್ನೊಂದು ಕಲ್ಲಿಗೆ ಕುಂಕುಮ ಹಚ್ಚಿದರಾಯಿತು ಎಂದು ರೈತ ಹೇಳುತ್ತಾನೆ. ಬಹಳ ಮೆಚ್ಚಲಾದ ಪ್ರಸಂಗ ಅದು. ನಮ್ಮ ಬೆಟ್ಟದಲ್ಲಿ ಅದರ ಅರ್ಧ ಮಾತ್ರ ಸಲ್ಲುತ್ತದೆ. ಕಲ್ಲನ್ನು ಬದಲಿಸಬಹುದು, ಸವೆದಾಗ ಬದಲಿಸುತ್ತೇವೆ ಕೂಡ. ಜಾಗ ಬದಲಿಸಲು ಬರುವುದಿಲ್ಲ. ಈ ಹಳ್ಳದಿಂದ ಆ ದರೆಯವರೆಗೆ ಎಂದು ಕಾವಲಿಗೆ ನಿಂತ ದೈವವನ್ನು ಕಲ್ಲೆತ್ತಿದಷ್ಟು ಸುಲಭವಾಗಿ ಎತ್ತಲಾಗದು.

ನೆಲದ ಈ ಹಕ್ಕನ್ನು ರಂಗದ ಮೇಲೆ ತಂದವರು ಕಂಬಾರರು. 1972ರ 'ಜೋಕುಮಾರಸ್ವಾಮಿ'ಯಲ್ಲಿ ಹೆಣ್ಣಿನ ಫಲ, ಭೂಮಿಯ ಫಲ, ಉಳುವವನ ಹಕ್ಕು ಮೂರೂ ಒಂದೇ ದೇವರ ಸುತ್ತ ಸುತ್ತುತ್ತವೆ. ಎರಡೇ ವರ್ಷಕ್ಕೆ, 1974ರಲ್ಲಿ, ಗೇಣಿ ರದ್ದಾಗುವ ಕಾನೂನು ಜಾರಿಗೆ ಬಂತು ಎಂಬುದನ್ನು ನೆನೆದು ಓದಿದರೆ ನಾಟಕದ ಬಿಸಿ ಇನ್ನಷ್ಟು ತಟ್ಟುತ್ತದೆ. ಕಾರ್ನಾಡರ 'ನಾಗಮಂಡಲ' ಸೊಗಸಾದ ನಾಟಕ, ಆದರೆ ಅಲ್ಲಿನ ನಾಗ ಹೆಣ್ಣಿನ ಬಯಕೆಯ ರೂಪ. ಅವನಿಗೆ ಬನವಿಲ್ಲ, ಗಡಿಯಿಲ್ಲ, ಸಲ್ಲಬೇಕಾದದ್ದಿಲ್ಲ. ದೇವನೂರರ 'ಕುಸುಮಬಾಲೆ'ಯ ಜೋತಮ್ಮರು ಮಾತ್ರ ನನಗೆ ಮನೆಯವರ ಹಾಗೆ ಕಾಣುತ್ತಾರೆ. ರಾತ್ರಿ ದೀಪಗಳಿಂದ ಎದ್ದು ಬಂದು ಅವರು ಊರಿನ ಸುದ್ದಿ ಆಡುವಾಗ ಲೇಖಕರು ಕ್ಷಮೆ ಕೇಳುವುದಿಲ್ಲ, ವಿವರಣೆಯನ್ನೂ ಕೊಡುವುದಿಲ್ಲ.

ತೇಜಸ್ವಿಯವರನ್ನು ಈ ಸಾಲಿನಲ್ಲಿ ಸೇರಿಸಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಇದ್ದ ಅವರು ದೇವರು ದಿಂಡರು ಎಂದರೆ ದೂರ. 1980ರ 'ಕರ್ವಾಲೊ'ದಲ್ಲಿ ಒಂದು ದೈವವೂ ಮಹತ್ವಕ್ಕೆ ಬರುವುದಿಲ್ಲ. ಆದರೂ ಹಾರುವ ಓತಿಯ ಬೆನ್ನು ಹತ್ತಿ ಮಂದಣ್ಣ, ವಿಜ್ಞಾನಿ, ಕರಿಯಪ್ಪ, ಎಂಗ್ಟ ಎಲ್ಲ ಕಾಡು ಹೊಕ್ಕಾಗ, ಈ ಕಾಡು ನಮ್ಮೊಬ್ಬರದಲ್ಲ ಎನ್ನುವ ಎಚ್ಚರ ಪುಟಪುಟದಲ್ಲೂ ಇರುತ್ತದೆ. ಬನದ ಮುಂದೆ ಹಾದುಹೋಗುವಾಗ ನಮ್ಮ ಅಜ್ಜಿ ದನಿ ತಗ್ಗಿಸುತ್ತಿದ್ದ ಎಚ್ಚರವೂ ಇದೇ. ಓದುಬರಹದಲ್ಲಿ ಹಿಂದಿರುವ ಮಂದಣ್ಣನ ಕಣ್ಣಿಗೆ ವಿಜ್ಞಾನಿ ಕೊಡುವ ಗೌರವ ನಮ್ಮ ಸಾಹಿತ್ಯದಲ್ಲಿ ಅಪರೂಪದ್ದು. ಕೊರತೆ ಇರುವುದು ಕೊನೆಯಲ್ಲಿ. ಓತಿ ಕಣಿವೆಗೆ ತೇಲಿ ಹೋಗುತ್ತದೆ, ಮನುಷ್ಯರು ಬೆರಗಿನಿಂದ ಹಿಂದೆ ಉಳಿಯುತ್ತಾರೆ. ಅದು ಅವರಿಂದ ಏನನ್ನೂ ಕೇಳುವುದಿಲ್ಲ. ದೈವ ಕೇಳುತ್ತದೆ. ಬೆರಗನ್ನು ತೇಜಸ್ವಿಯವರಷ್ಟು ಚೆನ್ನಾಗಿ ಯಾರೂ ಕೊಟ್ಟಿಲ್ಲ. ಆ ಬೆರಗಿನ ಜೊತೆ ಬರುವ ಋಣವನ್ನು ಅವರು ಬರೆಯಲಿಲ್ಲ.

2022ರಲ್ಲಿ 'ಕಾಂತಾರ' ಬಂದಾಗ ಇಲ್ಲಿನವರು ಜೀಪು ಮಾಡಿಕೊಂಡು ಹೋಗಿ ನೋಡಿ ಬಂದರು, ನಾನೂ ಹೋಗಿದ್ದೆ. ಸಿನಿಮಾದ ಮೊದಲ ಭಾಗಕ್ಕೆ ಕೈಮುಗಿಯಬೇಕು. ನೆಮ್ಮದಿ ಹುಡುಕುವ ಅರಸ ದೈವದ ಕಲ್ಲು ಪಡೆದು ಬದಲಿಗೆ ಊರವರಿಗೆ ನೆಲ ಬಿಟ್ಟುಕೊಡುತ್ತಾನೆ. ಅವನ ಸಂತತಿಯವನು ನೆಲ ಹಿಂದಕ್ಕೆ ಕೇಳಿದಾಗ ಒಪ್ಪಂದ ಮುರಿಯುತ್ತದೆ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಇದನ್ನೇ, ಇದು ಇಷ್ಟು ಸ್ಪಷ್ಟವಾಗಿ ತೆರೆಯ ಮೇಲೆ ಬಂದದ್ದು ಸಂತೋಷ. ಕೊನೆಯಲ್ಲಿ ಮಾತ್ರ ಸಿನಿಮಾ ಸುಲಭದ ದಾರಿ ಹಿಡಿಯಿತು. ಗುಳಿಗ ಧಣಿಯನ್ನು ಮುಗಿಸುತ್ತಾನೆ, ಪಂಜುರ್ಲಿ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಕೂಡಿಸುತ್ತದೆ. ಅರಣ್ಯ ಇಲಾಖೆಯ ಜೊತೆಗಿನ ಜಗಳ ಒಂದು ಅಪ್ಪುಗೆಯಲ್ಲಿ ಬಗೆಹರಿಯುವಂಥದ್ದಲ್ಲ ಎಂದು ಕುದುರೆಮುಖದ ಮಗ್ಗುಲಲ್ಲಿ ಬದುಕುವ ಯಾರಾದರೂ ಹೇಳುತ್ತಾರೆ. ಆಮೇಲೆ ದೈವದ ವೇಷ ಹಾಕಿ ಕೂಗುವ ಚಾಳಿ ವೇದಿಕೆಗಳಿಗೆ ಹಬ್ಬಿತು, ದೈವ ಕಟ್ಟುವವರೇ ಅದನ್ನು ವಿರೋಧಿಸಬೇಕಾಯಿತು. ಒಂದು ಒಳ್ಳೆಯದೂ ಆಯಿತು. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಸರ್ಕಾರ ಆ ವರ್ಷವೇ ಘೋಷಿಸಿತು.

ನಮ್ಮ ಇಂದಿನ ಬದುಕು ಮಾತ್ರ ಇವರೆಲ್ಲರ ಪುಸ್ತಕಗಳ ಆಚೆಗೆ ಹೋಗಿಬಿಟ್ಟಿದೆ. ಗೇಣಿ ಹೋದ ಮೇಲೆ ನೆಲ ಒಕ್ಕಲಿಗೆ ಬಂತು, ಒಳ್ಳೆಯದೇ ಆಯಿತು. ಆದರೆ ಕೋಲದ ಖರ್ಚು ಹೊರುತ್ತಿದ್ದ ಮನೆಗೆ ಆ ನೆಲ ಇಲ್ಲವಾಯಿತು, ನೆಲ ಪಡೆದವರಿಗೆ ಆ ಹೊಣೆ ಬರೆದಿರಲಿಲ್ಲ. ತೋಟ ಮಾರಾಟವಾದರೆ ಹೊಸ ಮಾಲೀಕರು ಊರಿನವರೇ ಆಗಬೇಕೆಂದಿಲ್ಲ, ಚೌಡಿಯ ಕಲ್ಲಿಗೆ ದಾರಿ ಬಿಡುತ್ತಾರೋ ಇಲ್ಲವೋ ಎಂಬುದು ಅವರ ಮರ್ಜಿ. ಇನ್ನೊಂದು ಕಡೆ, ಮರದ ಬುಡದ ಕಲ್ಲಿಗೆ ಕಾಂಕ್ರೀಟಿನ ಗುಡಿ, ಟೈಲ್ಸು, ಬ್ರಹ್ಮಕಲಶ. ಕೋಳಿ ತಿನ್ನುತ್ತಿದ್ದ ದೈವಕ್ಕೆ ಕುಂಬಳಕಾಯಿ. ಹಿಂಸೆ ಬೇಡ ಎನ್ನುವವರ ಮಾತಿಗೆ ನನ್ನ ಗೌರವವಿದೆ. ಮರ ಕಡಿದು ಗುಡಿ ಕಟ್ಟುವುದನ್ನು ಮಾತ್ರ ಜೀರ್ಣೋದ್ಧಾರ ಎಂದು ಕರೆಯಲು ನನ್ನಿಂದಾಗದು.

ಎಲ್ಲಕ್ಕಿಂತ ಗಟ್ಟಿಯಾದ ಕಥೆ ಕುದುರೆಮುಖದ ಕಡೆ ಕಾದಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಒಳಗಿನ ಎಷ್ಟೋ ಮನೆಗಳು ಪರಿಹಾರ ಪಡೆದು ಹೊರಗೆ ಬಂದವು, ಉಳಿದವು ಇನ್ನೂ ಹೋಗೋಣವೇ ಬೇಡವೇ ಎಂಬ ಚರ್ಚೆಯಲ್ಲಿವೆ. ಮನೆಗೆ, ಅಡಿಕೆ ಮರಕ್ಕೆ, ಬಾವಿಗೆ ಬೆಲೆ ಕಟ್ಟಬಹುದು. ಆ ಜಾಗಕ್ಕೆಂದೇ ಕಾವಲಿಗೆ ನಿಂತ ದೈವವನ್ನು ಕಲಶದಲ್ಲಿ ಕರೆದುಕೊಂಡು ಬರುವುದೋ, ಅಲ್ಲೇ ಬಿಟ್ಟು ವರ್ಷಕ್ಕೊಮ್ಮೆ ಇಲಾಖೆಯ ಅಪ್ಪಣೆ ಪಡೆದು ಕೋಳಿ ಹಿಡಿದು ಹೋಗುವುದೋ?  ಮನೆಯ ಯಜಮಾನ ಪಾತ್ರಿಯ ಎದುರು ನಿಂತು, "ನಾವು ಇಳಿದು ಹೋಗಬೇಕಾಗಿದೆ, ನಿಮ್ಮ ಅಪ್ಪಣೆ ಏನು" ಎಂದು ಕೇಳುವ ಅಧ್ಯಾಯವನ್ನು ನಾನು ಓದಬೇಕು. ಬೆಂಗಳೂರಿನಲ್ಲಿರುವ ಮಗಳು ಕೋಲದ ಪಾಲಿನ ದುಡ್ಡನ್ನು ಮೊಬೈಲಿನಲ್ಲೇ ಕಳಿಸಿ, ಆ ರಾತ್ರಿ ದೈವ ತನ್ನ ಹೆಸರು ಕೇಳಿತೋ ಇಲ್ಲವೋ ಎಂದು ತಮ್ಮನಿಗೆ ಫೋನು ಮಾಡುವ ಅಧ್ಯಾಯವನ್ನೂ ಓದಬೇಕು. ದೈವ ಏನು ಹೇಳಿತು ಎಂಬುದನ್ನು ಲೇಖಕರು ಬಿಡದೆ ಬರೆಯಬೇಕು. ಹೋಗಿ ಎಂದಿತೋ, ಇರಿ ಎಂದಿತೋ, ಹಳೆಯ ಬಾಕಿ ಮೊದಲು ತೀರಿಸಿ ಎಂದಿತೋ.