ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದ್ದು ತಪ್ಪಲ್ಲ

ದೊಡ್ಡ ಪಂದ್ಯಕ್ಕೆ ದೊಡ್ಡ ಆಟಗಾರನೇ ಬೇಕು ಎನ್ನುವುದು ಫುಟ್‌ಬಾಲ್ ಅಭಿಮಾನಿಗಳು ಪ್ರಶ್ನಿಸದೆ ಒಪ್ಪಿಕೊಂಡಿರುವ ನಂಬಿಕೆ. ಅದಕ್ಕೇ 2023ರ ಮಾರ್ಚ್ 18ರಂದು, ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ಶುರುವಾಗುವ ಮುನ್ನ ಬೆಂಗಳೂರು ಎಫ್‌ಸಿಯ ತಂಡದ ಪಟ್ಟಿ ಹೊರಬಿದ್ದಾಗ ಬಹಳ ಜನರ ಎದೆ ಧಸಕ್ಕೆಂದಿತು. ಸುನಿಲ್ ಚೆಟ್ರಿ ಅವರ ಹೆಸರು ಹನ್ನೊಂದರಲ್ಲಿ ಇರಲಿಲ್ಲ, ಕೆಳಗೆ ಬದಲಿ ಆಟಗಾರರ ಸಾಲಿನಲ್ಲಿತ್ತು. ಪಂದ್ಯ 2–2ರಲ್ಲಿ ನಿಂತು, ಪೆನಾಲ್ಟಿ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ 4–3ರಿಂದ ಗೆದ್ದಿತು. ಸೋಲಿನ ಲೆಕ್ಕ ಹಾಕುವಾಗ ಆ ಪಟ್ಟಿಯನ್ನು ಎತ್ತಿ ಆಡುವವರು ಇಂದಿಗೂ ಸಿಗುತ್ತಾರೆ.

ಕೋಚ್ ಸೈಮನ್ ಗ್ರೇಸನ್ ಅವರ ಪಟ್ಟಿ ಸರಿಯಾಗಿತ್ತು ಎಂಬುದು ನನ್ನ ವಾದ. ಆ ರಾತ್ರಿ ನಿಜವಾಗಿ ಚರ್ಚೆಯಾಗಬೇಕಿದ್ದ ಆಯ್ಕೆ ಇನ್ನೊಂದಿತ್ತು. ಹನ್ನೊಂದು ಹೆಸರುಗಳ ಮೇಲೇ ಕಣ್ಣಿಟ್ಟಿದ್ದರಿಂದ ಅದು ನಮಗೆ ಕಾಣಲಿಲ್ಲ.

ಫೈನಲ್‌ಗೆ ಮುಂಚಿನ ದಾರಿ ಗೊತ್ತಿರುವಂಥದ್ದೇ. ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನೂ ಬೆಂಗಳೂರು ಸಾಲಾಗಿ ಗೆದ್ದಿತ್ತು. ಆ ಓಟದ ಬಹುಭಾಗದಲ್ಲಿ ಮುಂಚೂಣಿಯಲ್ಲಿದ್ದವರು ರಾಯ್ ಕೃಷ್ಣ ಮತ್ತು 21ರ ಹರೆಯದ ಶಿವಶಕ್ತಿ ನಾರಾಯಣನ್. 38 ದಾಟಿದ್ದ ಚೆಟ್ರಿ ದ್ವಿತೀಯಾರ್ಧದಲ್ಲಿ ಇಳಿಯುತ್ತಿದ್ದರು. ಶಿವಶಕ್ತಿ ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಓಡಿ ಓಡಿ ಅವರನ್ನು ದಣಿಸುವುದು, ಕಾಲು ಸೋತ ಆ ಡಿಫೆಂಡರ್‌ಗಳ ನಡುವೆ ಚೆಟ್ರಿ ಬಂದು ಒಂದೇ ಒಂದು ಅವಕಾಶಕ್ಕಾಗಿ ಕಾಯುವುದು, ಇದು ಲೆಕ್ಕಾಚಾರ. ಪ್ಲೇ ಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ಮುಗಿಸುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಗಳಿಸಿದ್ದು ಬೆಂಚಿನಿಂದ ಬಂದ ಚೆಟ್ರಿಯೇ. ಸೆಮಿಫೈನಲ್‌ನ ಮೊದಲ ಚರಣದಲ್ಲಿ ಮುಂಬೈ ಸಿಟಿಯನ್ನು ಅದರ ಅಂಗಳದಲ್ಲೇ ಸೋಲಿಸಿದ 78ನೇ ನಿಮಿಷದ ಹೆಡರ್ ಕೂಡ ಬೆಂಚಿನಿಂದ ಬಂದ ಚೆಟ್ರಿಯದೇ. ಹೀಗಿರುವಾಗ ಫೈನಲ್ ಎಂಬ ಒಂದೇ ಕಾರಣಕ್ಕೆ ಈ ಕ್ರಮವನ್ನು ಮುರಿಯಬೇಕಿತ್ತೇ? ಬೆಂಚು ಚೆಟ್ರಿಗೆ ಅವಮಾನ ಎಂದು ಬಗೆದವರು ಅವರನ್ನು ಗೌರವಿಸಿದಂತೆ ಕಂಡರೂ, ಆ ಎರಡು ತಿಂಗಳಲ್ಲಿ ಅವರು ಮೈದಾನದಲ್ಲಿ ಮಾಡಿದ್ದನ್ನು ಗಮನಿಸಲಿಲ್ಲ.

ಶುರುವಿನ ಹನ್ನೊಂದು ಹೆಸರುಗಳೇ ಎಲ್ಲ ಎಂಬ ನಂಬಿಕೆಗೆ ಒಂದು ಇತಿಹಾಸವಿದೆ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಗೋಲು ಯಂತ್ರ ಜಿಮ್ಮಿ ಗ್ರೀವ್ಸ್ ಫ್ರಾನ್ಸ್ ವಿರುದ್ಧ ಗಾಯಗೊಂಡರು. ಅವರ ಜಾಗಕ್ಕೆ ಬಂದ ಜೆಫ್ ಹರ್ಸ್ಟ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಏಕೈಕ ಗೋಲು ಗಳಿಸಿದರು. ಫೈನಲ್ ಹೊತ್ತಿಗೆ ಗ್ರೀವ್ಸ್ ಚೇತರಿಸಿಕೊಂಡಿದ್ದರು. ಮ್ಯಾನೇಜರ್ ಆಲ್ಫ್ ರಾಮ್ಸೆ ಹರ್ಸ್ಟ್ ಅವರನ್ನೇ ಉಳಿಸಿಕೊಂಡರು, ಹರ್ಸ್ಟ್ ಮೂರು ಗೋಲು ಹೊಡೆದರು, ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಮಣಿಸಿತು. ತಂಡದ ಆಯ್ಕೆಯ ಬಗ್ಗೆ ಮಾತು ಬಂದಾಗಲೆಲ್ಲ ಈ ಕಥೆ ಎದ್ದು ಬರುತ್ತದೆ. ಆದರೆ ಅದನ್ನು ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಆಗ ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶವೇ ಇರಲಿಲ್ಲ. ಅದು ಬಂದದ್ದು 1970ರಲ್ಲಿ, ಅದೂ ಇಬ್ಬರಿಗೆ ಮಾತ್ರ. ರಾಮ್ಸೆ ಬರೆದ ಹನ್ನೊಂದು ಹೆಸರುಗಳೇ ಆ 120 ನಿಮಿಷದ ಇಡೀ ತಂಡ. ಗ್ರೀವ್ಸ್ ಅಲ್ಲಿಲ್ಲ ಎಂದರೆ ಆ ಪಂದ್ಯಕ್ಕೇ ಇಲ್ಲ.

ಇಂದು ಒಂದು ತಂಡ ಐವರನ್ನು ಬದಲಿಸಬಹುದು. 2020ರಲ್ಲಿ ಕೋವಿಡ್ ಕಾಲದ ತಾತ್ಕಾಲಿಕ ಏರ್ಪಾಡಾಗಿ ಬಂದ ನಿಯಮ ಆಮೇಲೆ ಕಾಯಂ ಆಯಿತು. ಗೋಲ್‌ಕೀಪರ್ ಬಿಟ್ಟರೆ ಉಳಿಯುವ ಹತ್ತು ಜನರಲ್ಲಿ ಅರ್ಧ ಜನ ಪಂದ್ಯ ಮುಗಿಯುವ ಹೊತ್ತಿಗೆ ಬೇರೆಯವರಾಗಿರಬಹುದು. ಅಂದರೆ ಶುರುವಿನ ಪಟ್ಟಿ ಈಗ ಮೊದಲ ಒಂದು ಗಂಟೆಯ ಏರ್ಪಾಡು ಮಾತ್ರ. ಯಾರು ಮೊದಲು, ಯಾರು ಆಮೇಲೆ, ಯಾರ ದಣಿವಿನ ಮೇಲೆ ಯಾರನ್ನು ಬಿಡುವುದು ಎಂಬ ಸರದಿಯೇ ಕೋಚ್‌ನ ನಿಜವಾದ ನಿರ್ಧಾರ. ಆಟ ಬದಲಾಗಿದೆ, ಅಭಿಮಾನಿಗಳ ವಾಗ್ವಾದ ಮಾತ್ರ 1966ರಲ್ಲೇ ನಿಂತಿದೆ.

ಈ ವಾಗ್ವಾದದ ಎರಡನೆಯ ದೋಷ ಇದಕ್ಕಿಂತ ಗಂಭೀರವಾದದ್ದು. ಆಯ್ಕೆಯನ್ನು ನಾವು ಫಲಿತಾಂಶದಿಂದ ಅಳೆಯುತ್ತೇವೆ. 2021ರ ಮೇ 29ರಂದು ಪೋರ್ಟೊದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಪೆಪ್ ಗಾರ್ಡಿಯೋಲಾ ಮ್ಯಾಂಚೆಸ್ಟರ್ ಸಿಟಿಯನ್ನು ರೋಡ್ರಿ ಮತ್ತು ಫರ್ನಾಂಡಿನ್ಯೊ ಇಬ್ಬರೂ ಇಲ್ಲದೆ ಇಳಿಸಿದರು. ರಕ್ಷಣೆಯ ಮುಂದೆ ನಿಲ್ಲುವ ಕೆಲಸ ಇಲ್ಕಾಯ್ ಗುಂಡೋವನ್ ಪಾಲಿಗೆ ಬಂತು. ಕೈ ಹಾವರ್ಟ್ಸ್ 42ನೇ ನಿಮಿಷದಲ್ಲಿ ಹೊಡೆದ ಒಂದು ಗೋಲಿಗೆ ಚೆಲ್ಸಿ ಗೆದ್ದಿತು. ಗಾರ್ಡಿಯೋಲಾ ಅತಿಯಾಗಿ ಯೋಚಿಸಿ ಕೆಟ್ಟರು ಎಂಬ ತೀರ್ಪು ಅಂದೇ ಬಂತು, ಈಗಲೂ ಹಾಗೆಯೇ ನಿಂತಿದೆ.

ಇನ್ನು 2022ರ ಡಿಸೆಂಬರ್ 18, ಕತಾರ್‌ನ ಲುಸೈಲ್‌ನಲ್ಲಿ ವಿಶ್ವಕಪ್ ಫೈನಲ್. ಅರ್ಜೆಂಟೀನಾದ ಏಂಜೆಲ್ ಡಿ ಮರಿಯಾ ನಾಕೌಟ್ ಹಂತದಲ್ಲಿ ಹೆಚ್ಚು ಆಡಿರಲಿಲ್ಲ. ಕ್ರೊಯೇಷ್ಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಅಂಗಳಕ್ಕೇ ಇಳಿದಿರಲಿಲ್ಲ. ಅಂಥವರನ್ನು ಕೋಚ್ ಲಿಯೊನೆಲ್ ಸ್ಕಲೋನಿ ಫೈನಲ್‌ನಲ್ಲಿ ನೇರ ಎಡ ಅಂಚಿಗೆ ತಂದು ನಿಲ್ಲಿಸಿದರು. ಗೆದ್ದು ಬಂದ ತಂಡವನ್ನು ಫೈನಲ್‌ಗೆಂದೇ ಬದಲಿಸಿದ ಧೈರ್ಯ ಅಲ್ಲೂ ಇಲ್ಲೂ ಒಂದೇ. ಡಿ ಮರಿಯಾ ಒಂದು ಪೆನಾಲ್ಟಿ ದೊರಕಿಸಿಕೊಟ್ಟರು, 36ನೇ ನಿಮಿಷದಲ್ಲಿ ತಾವೇ ಗೋಲು ಹೊಡೆದರು. ಈ ಬಾರಿ ತೀರ್ಪು: ಜಾಣತನದ ಪರಮಾವಧಿ.

ಆದರೆ ಅದೇ ಪಂದ್ಯವನ್ನು ಇನ್ನೂ ಸ್ವಲ್ಪ ಮುಂದೆ ನೋಡಿ. 64ನೇ ನಿಮಿಷದಲ್ಲಿ ಸ್ಕಲೋನಿ ಡಿ ಮರಿಯಾರನ್ನು ಹೊರಗೆ ಕರೆಸಿದರು. 80 ಮತ್ತು 81ನೇ ನಿಮಿಷಗಳಲ್ಲಿ ಫ್ರಾನ್ಸ್‌ನ ಎಂಬಾಪೆ ಎರಡು ಗೋಲು ಹೊಡೆದು ಪಂದ್ಯವನ್ನು ಸಮಕ್ಕೆ ತಂದರು. ಹೆಚ್ಚುವರಿ ಅವಧಿಯ ಕೊನೆಯ ಕ್ಷಣಗಳಲ್ಲಿ ಸ್ಕೋರು 3–3 ಇದ್ದಾಗ ಫ್ರಾನ್ಸ್‌ನ ಕೊಲೊ ಮುವಾನಿ ಗೋಲ್‌ಕೀಪರ್ ಎದುರು ಒಬ್ಬರೇ ನಿಂತಿದ್ದರು. ಎಮಿಲಿಯಾನೊ ಮಾರ್ಟಿನೆಜ್ ಎಡಗಾಲು ಚಾಚಿ ಆ ಚೆಂಡನ್ನು ತಡೆದರು. ಆ ಕಾಲು ಒಂದು ಗೇಣು ಆಚೆಗಿದ್ದಿದ್ದರೆ ಸ್ಕಲೋನಿ ಇಂದು ಡಿ ಮರಿಯಾರನ್ನು ಹೊರಗೆಳೆದು ವಿಶ್ವಕಪ್ ಕಳೆದ ಕೋಚ್ ಎನಿಸಿಕೊಳ್ಳುತ್ತಿದ್ದರು. ಅವರ ಪಟ್ಟಿಯಲ್ಲಿ, ಅವರ ಯೋಚನೆಯಲ್ಲಿ ಒಂದಕ್ಷರವೂ ಬದಲಾಗದೆ ಅವರ ಮೇಲಿನ ತೀರ್ಪು ಮಾತ್ರ ತಲೆಕೆಳಗಾಗುತ್ತಿತ್ತು. ಇನ್ನೊಬ್ಬರ ಕಾಲಿನ ಉದ್ದವನ್ನು ನಂಬಿ ನಿಂತ ತೀರ್ಪನ್ನು ವಿಮರ್ಶೆ ಎಂದು ನಾನು ಒಪ್ಪಲಾರೆ.

ಹಾಗಾದರೆ ಕೋಚ್ ಮಾಡಿದ್ದೆಲ್ಲ ಸರಿಯೇ, ಫುಟ್‌ಬಾಲ್ ಆಡುವುದು ಗೆಲ್ಲುವುದಕ್ಕಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ಕೈಯಲ್ಲಿದ್ದ ಕಾರಣಗಳಿಂದಲೇ ತಪ್ಪೆಂದು ಹೇಳಬಹುದಾದ ಪಟ್ಟಿಗಳೂ ಇವೆ. 2014ರ ಜುಲೈ 8ರಂದು ಬೆಲೊ ಹೊರಿಜೊಂಟೆಯಲ್ಲಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯನ್ನು ಎದುರಿಸಿದ ಬ್ರೆಜಿಲ್‌ನದು ಅಂಥದ್ದು. ಬೆನ್ನುಮೂಳೆ ಮುರಿದು ನೇಯ್ಮರ್ ಹೊರಗುಳಿದಿದ್ದರು. ಜರ್ಮನಿಯ ಮಧ್ಯಭಾಗದಲ್ಲಿ ಶ್ವೈನ್‌ಸ್ಟೈಗರ್, ಖೆದಿರಾ, ಕ್ರೂಸ್ ಮೂವರಿದ್ದರು. ಅಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್ ಬೇಕು ಎನ್ನುವುದಕ್ಕೆ ಫಲಿತಾಂಶಕ್ಕಾಗಿ ಕಾಯಬೇಕಿರಲಿಲ್ಲ. ಆದರೂ ಬ್ರೆಜಿಲ್ ಕೋಚ್ ಸ್ಕೊಲಾರಿ, ಅದೇ ಊರಿನ ಅಟ್ಲೆಟಿಕೊ ಮಿನೇರೊದಲ್ಲಿ ಹೆಸರು ಮಾಡಿದ್ದ ಚುರುಕು ಕಾಲಿನ ಬರ್ನಾರ್ಡ್ ಅವರನ್ನು ಇಳಿಸಿದರು. ರಾಷ್ಟ್ರಗೀತೆಯ ಹೊತ್ತಿಗೆ ಡೇವಿಡ್ ಲೂಯಿಸ್ ಮತ್ತು ಜೂಲಿಯೊ ಸೀಸರ್ ನೇಯ್ಮರ್ ಅವರ ಅಂಗಿಯನ್ನು ಇಬ್ಬರ ನಡುವೆ ಎತ್ತಿ ಹಿಡಿದಿದ್ದರು. ಇಡೀ ದೇಶ ಇಲ್ಲದವನಿಗಾಗಿ ಹಂಬಲಿಸುತ್ತಿತ್ತು, ತಂಡದ ಪಟ್ಟಿಯೂ ಅದೇ ಹಂಬಲದಿಂದ ಬರೆದಂತಿತ್ತು. 29 ನಿಮಿಷಕ್ಕೆ ಸ್ಕೋರು 5–0. ಕೊನೆಗೆ 7–1. ಒಬ್ಬ ಆಟಗಾರ ಇಲ್ಲದ್ದರಿಂದ ಬ್ರೆಜಿಲ್ ಸೋತಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸಮತೋಲನ ಬೇಕಿದ್ದ ಕಡೆ ಭಾವುಕತೆ ಪಟ್ಟಿ ಬರೆಯಿತು.

ಇಲ್ಲಿ ಅಭಿಮಾನಿಗಳ ಪರವಾಗಿಯೂ ಮಾತಾಡಬೇಕು. ದೊಡ್ಡ ಪಂದ್ಯದ ಹಿಂದಿನ ದಿನ ನಿದ್ದೆಗೆಟ್ಟು ಹನ್ನೊಂದು ಹೆಸರು ಗೀಚುವವರನ್ನು ಕಂಡು, ಆಡಿ ಗೊತ್ತಿಲ್ಲದವರ ಹರಟೆ ಎಂದು ಮೂಗು ಮುರಿಯುವ ಪಂಡಿತರು ನಮ್ಮಲ್ಲಿ ಕಡಿಮೆಯಿಲ್ಲ. ಇದು ಅಹಂಕಾರದ ಮಾತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ವರ್ಷಗಟ್ಟಲೆ ನಿಂತು ನೋಡಿದವರಿಗೆ, ಯಾವ ಲೆಫ್ಟ್ ಬ್ಯಾಕ್ ಎಷ್ಟನೇ ನಿಮಿಷಕ್ಕೆ ಏದುಸಿರು ಬಿಡುತ್ತಾನೆ, ಯಾವ ಮಿಡ್‌ಫೀಲ್ಡರ್ ಹಳದಿ ಕಾರ್ಡ್ ಬಿದ್ದ ಮೇಲೆ ಟ್ಯಾಕಲ್‌ಗೆ ಹಿಂಜರಿಯುತ್ತಾನೆ ಎಂಬುದು ಅಂಕಿಅಂಶ ನೋಡದೆಯೂ ಗೊತ್ತಿರುತ್ತದೆ. ಅವರ ಆತಂಕದ ಒಳಗೆ ತಿಳಿವಳಿಕೆ ಇದೆ. ಆದರೆ ಆತಂಕಕ್ಕೆ ಆತುಕೊಳ್ಳಲು ಒಂದು ಹೆಸರು ಬೇಕು. ಪಟ್ಟಿ ಬಂದ ಕೂಡಲೇ ಫೋನಿನ ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಮೊದಲು ಹುಡುಕುವುದು ಇಲ್ಲದವನ ಹೆಸರನ್ನೇ. ಇರುವ ಹನ್ನೊಂದು ಜನ ಹೇಗೆ ನಿಲ್ಲುತ್ತಾರೆ, 60ನೇ ನಿಮಿಷಕ್ಕೆ ಯಾರು ಎದ್ದು ಬರುತ್ತಾರೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಬೀಳುತ್ತದೆ. 2018ರ ಇಂಡಿಯನ್ ಸೂಪರ್ ಲೀಗ್ ಫೈನಲ್ ಇದಕ್ಕೆ ನಮ್ಮದೇ ಊರಿನ ಸಾಕ್ಷಿ. ಕಂಠೀರವದಲ್ಲಿ, ಲೀಗ್‌ನ ಅಗ್ರ ತಂಡವಾಗಿ, ಒಂಬತ್ತನೇ ನಿಮಿಷಕ್ಕೇ ಚೆಟ್ರಿಯ ಹೆಡರ್‌ನಿಂದ ಮುಂದಿದ್ದ ಬೆಂಗಳೂರು ಚೆನ್ನೈಯಿನ್‌ಗೆ 3–2ರಿಂದ ಸೋತಿತು. ದೊಡ್ಡ ಆಟಗಾರ ಮೊದಲ ನಿಮಿಷದಿಂದಲೇ ಆಡಿದ್ದರು, ಗೋಲೂ ಹೊಡೆದಿದ್ದರು. ಪಂದ್ಯ ಕೈತಪ್ಪಿದ್ದು ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ಹೊಡೆದ ಎರಡು ಹೆಡರ್‌ಗಳಲ್ಲಿ. ಕಾರ್ನರ್ ಬಂದಾಗ ಯಾರು ಯಾರನ್ನು ಹಿಡಿಯಬೇಕು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಮತ್ತೆ ಫತೋರ್ಡಾಕ್ಕೆ ಬರೋಣ. ಪಂದ್ಯ ಶುರುವಾದ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡು ಹೊರನಡೆದರು. ಬದಲಿಗೆ ಬಂದವರು ಚೆಟ್ರಿ. ಬೇಡಿಕೆ ಇಟ್ಟವರಿಗೆ ಬೇಕಾದದ್ದು ಆಗಿಯೇಹೋಯಿತು! ಹೆಚ್ಚುಕಡಿಮೆ ಇಡೀ ಫೈನಲ್ ಚೆಟ್ರಿ ಆಡಿದರು, ಮೊದಲಾರ್ಧದ ಕೊನೆಯಲ್ಲಿ ಪೆನಾಲ್ಟಿಯಿಂದ ಸಮಬಲ ತಂದರು, ಶೂಟೌಟ್‌ನಲ್ಲೂ ಗುರಿ ತಪ್ಪಲಿಲ್ಲ. ಆದರೂ ಬೆಂಗಳೂರು ಸೋತಿತು. ಹೀಗಾಗಿ, ಚೆಟ್ರಿಯನ್ನು ಕೂರಿಸಿದ್ದರಿಂದ ಸೋತೆವು ಎಂಬ ವಾದಕ್ಕೆ ನಿಲ್ಲಲು ನೆಲವೇ ಇಲ್ಲ.

ಚರ್ಚೆಯಾಗಬೇಕಿದ್ದದ್ದು ಗ್ರೇಸನ್ ಮೊದಲ ಬದಲಾವಣೆ ಮಾಡಿದ ಆ ಕ್ಷಣ. ಶಿವಶಕ್ತಿ ಬಿದ್ದಾಗ ಚೆಟ್ರಿಯನ್ನೇ ಕಳಿಸಬೇಕಿತ್ತೇ, ಅಥವಾ ಓಡಬಲ್ಲ ಇನ್ನೊಬ್ಬರನ್ನು ಇಳಿಸಿ ಚೆಟ್ರಿಯನ್ನು ಕೊನೆಯ ಅರ್ಧ ಗಂಟೆಗೆ ಉಳಿಸಿಕೊಳ್ಳಬೇಕಿತ್ತೇ? ತಕ್ಷಣ ಕಳಿಸಿದ್ದಕ್ಕೆ ಸಮರ್ಥನೆ ಇದೆ. ಫೈನಲ್‌ನ ಮೊದಲ ನಿಮಿಷಗಳಲ್ಲೇ ಪೆಟ್ಟು ತಿಂದ ತಂಡಕ್ಕೆ ಅನುಭವಿಯ ಧೈರ್ಯ ಬೇಕಿತ್ತು, ಪೆನಾಲ್ಟಿ ಒದೆಯಲು ನಡುಗದ ಕಾಲೂ ಬೇಕಿತ್ತು. ಆದರೂ ನಾನು ಗ್ರೇಸನ್ ಅವರನ್ನು ಅಲ್ಲೇ ಪ್ರಶ್ನಿಸುತ್ತೇನೆ. ಎರಡು ತಿಂಗಳು ಶ್ರದ್ಧೆಯಿಂದ ಕಟ್ಟಿದ ಸರದಿಯನ್ನು ಅವರು ಒಂದು ಗಾಯಕ್ಕೆ ಬಿಟ್ಟುಕೊಟ್ಟರು. ರಾಯ್ ಕೃಷ್ಣ 78ನೇ ನಿಮಿಷದಲ್ಲಿ 2–1ರ ಮುನ್ನಡೆ ತಂದಾಗಲೂ, ದಿಮಿತ್ರಿ ಪೆಟ್ರಾಟೋಸ್ 85ರಲ್ಲಿ ಪೆನಾಲ್ಟಿಯಿಂದ ಸಮ ಮಾಡಿದಾಗಲೂ, ಆಮೇಲಿನ ಹೆಚ್ಚುವರಿ ಅರ್ಧ ಗಂಟೆಯಲ್ಲೂ ದಣಿದ ಬಾಗಾನ್ ರಕ್ಷಣೆಯ ಎದುರು ಹೊಸ ಕಾಲುಗಳ ಚೆಟ್ರಿ ಇರಲಿಲ್ಲ. ಬ್ಲಾಸ್ಟರ್ಸ್ ಮತ್ತು ಮುಂಬೈ ತಂಡಗಳನ್ನು ಮುರಿದ ಆ ಒಂದು ಅಸ್ತ್ರ ಮೊದಲ ಐದು ನಿಮಿಷದೊಳಗೇ ಖರ್ಚಾಗಿತ್ತು.