ಕುಂಪಣಿ ದಂಡು, ಊರ ಕುಲಕರ್ಣಿ

ಸಂಗೊಳ್ಳಿ ರಾಯಣ್ಣನ ಲಾವಣಿಯಲ್ಲಿ ಕುಂಪಣಿ ದಂಡಿನ ಆರ್ಭಟ ಕೇಳಲು ಕೂತವರಿಗೆ ಎದ್ದು ಕಾಣುವ ವೈರಿ ಬಿಳಿಯ ಸಾಹೇಬನಲ್ಲ, ಸಂಗೊಳ್ಳಿಯ ಕುಲಕರ್ಣಿ. ಕಂದಾಯದ ನೆಪದಲ್ಲಿ ತಾಯಿ ಕೆಂಚವ್ವಳನ್ನು ಹಿಂಸಿಸಿದವನು ಅವನೇ. ಕೊನೆಗೆ ರಾಯಣ್ಣನನ್ನು ಹಿಡಿದುಕೊಡುವವರೂ ನಮ್ಮವರೇ ಆದ ಗೌಡರು, ಕೂಡಿ ಉಂಡ ಲಕ್ಕಪ್ಪ. ಈ ಹಾಡಿನ ಹೆಚ್ಚುಗಾರಿಕೆ ಇಲ್ಲೇ ಇದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಕುಂಪಣಿಯ ಅಧಿಕಾರಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಇನ್ನೂ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. 1830ರಲ್ಲಿ ಕಿತ್ತೂರಿಗಾಗಿ ಬಂಡೆದ್ದ ರಾಯಣ್ಣನ ಗುಂಪು ಬೀಡಿಯ ಕಚೇರಿಗೆ ಬೆಂಕಿ ಇಟ್ಟಿತು. 1831ರ ಜನವರಿ 26ರಂದು ನಂದಗಡದ ಬಳಿ ಅವನನ್ನು ಗಲ್ಲಿಗೇರಿಸಿದರು. ಬೀಡಿ, ನಂದಗಡ ಎರಡೂ ಖಾನಾಪುರ ತಾಲ್ಲೂಕಿನವೇ. ಇಲ್ಲಿನ ಕೇಳುಗರಿಗೆ ಹಾಡಿನ ಹಳ್ಳ, ಅಡವಿ, ಊರುಗಳೆಲ್ಲ ನಡೆದು ಬಲ್ಲ ದಾರಿ.

ದಂಡಿನ ವಿಷಯದಲ್ಲಿ ಮಾತ್ರ ಲಾವಣಿ ಬಡವಾಗಿದೆ. ಥ್ಯಾಕರೆಯ ಜೊತೆ ಬಂದದ್ದು ಮದ್ರಾಸಿನ ದೇಶೀ ಕುದುರೆ ಫಿರಂಗಿ ದಳ. ‘ಪರಕೀಯ’ ಸೈನ್ಯದ ಬಹುಪಾಲು ಸಿಪಾಯಿಗಳು ಈ ನೆಲದವರೇ. ಹಾಡು ಅವರನ್ನು ಗುರುತಿಸುವುದಿಲ್ಲ. ಗೌಡರ ದ್ರೋಹವನ್ನೂ ಅವರ ದುರ್ಬುದ್ಧಿಗೆ ಕಟ್ಟಿಬಿಡುತ್ತದೆ. ವತನ ಕಳೆದುಕೊಳ್ಳುವ ಭಯ ಅವರಿಗೂ ಇದ್ದೀತೆಂಬುದು ಹಾಡುಗಾರನಿಗೆ ಬೇಡವಾದ ಸಂಗತಿ.

ಆದರೂ ಇದು ಅಜ್ಞಾನವಲ್ಲ. ಹಳ್ಳಿಗೆ ಕುಂಪಣಿ ದಿನಾ ಬರುತ್ತಿದ್ದದ್ದು ಬಂದೂಕು ಹಿಡಿದಲ್ಲ, ಲೆಕ್ಕದ ಕಾಗದ ಹಿಡಿದು. 1880ರ ದಶಕದಲ್ಲಿ ಈ ಹಾಡನ್ನು ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್ ಸ್ವತಃ ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ. ಗಲ್ಲಿಗೇರಿಸಿದ ಸರಕಾರದ ನೌಕರನೇ ಗಲ್ಲಿಗೇರಿದವನ ಹಾಡು ಉಳಿಸಿದ್ದು ವಿಚಿತ್ರವಾದರೂ ನಮ್ಮ ಪುಣ್ಯ!

ದೂರದ ಐರ್ಲೆಂಡಿನಲ್ಲಿ 1798ರಲ್ಲಿ ಜನರಲ್ ಹಂಬರ್ಟ್‌ನ ಫ್ರೆಂಚ್ ಪಡೆ ಮೇಯೊ ಸೀಮೆಯ ಕಿಲಾಲಾದಲ್ಲಿ ಇಳಿಯಿತು, ಬ್ರಿಟಿಷರ ವಿರುದ್ಧ ದಂಗೆಯೆದ್ದವರ ನೆರವಿಗೆ. ಅಲ್ಲಿನ ಹಳ್ಳಿಗರು ಅದನ್ನು ‘ಫ್ರೆಂಚರ ವರ್ಷ’ ಎಂದೇ ನೆನೆದರು. ಬಂದ ದಂಡೇ ಆ ವರ್ಷಕ್ಕೆ ಹೆಸರಾಯಿತು. ಕಿತ್ತೂರ ಸೀಮೆಯಲ್ಲಿ ಹಾಗಾಗಲಿಲ್ಲ. ನೆನಪು ಕಿತ್ತೂರ ರಾಣಿ ಚೆನ್ನಮ್ಮ, ರಾಯಣ್ಣ, ಲಕ್ಕಪ್ಪ ಎಂಬ ಹೆಸರುಗಳನ್ನು ಹಿಡಿದು ನಿಂತಿತು.

2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಸಿನಿಮಾ ನೋಡಿದವರು ಗೀಗೀ ಮೇಳದವರಿಂದ ಒಂದು ರಾತ್ರಿ ಇದೇ ಕತೆಯನ್ನು ಹಾಡಿಸಿ ಕೇಳಬೇಕು. ಯುದ್ಧದ ವರದಿಯಾಗಿ ಲಾವಣಿಯನ್ನು ನಂಬುವಂತಿಲ್ಲ. ಕುಂಪಣಿ ಬಂದಾಗ ಊರೊಳಗೆ ಯಾರು ಯಾರ ಮೇಲೆ ಸಿಟ್ಟಾಗಿದ್ದರೆಂದು ತಿಳಿಯಲು ಸರಕಾರಿ ದಫ್ತರಕ್ಕಿಂತ ಅದೇ ಮೇಲು.