ಸತುವಿನ ಸಾಕ್ಷ್ಯ

ಎರಡನೆಯ ಮಹಾಯುದ್ಧಕಾಲದ ಜರ್ಮನ್ ಸೇನಾಬಿಲ್ಲೆಗಳನ್ನು ಸಂಗ್ರಹಿಸಿ ಅವುಗಳ ಕಾಲವನ್ನು ನಿರ್ಣಯಿಸುವ ಹವ್ಯಾಸದಲ್ಲಿ ಶಾಸನತಜ್ಞನ ತಾಳ್ಮೆಯೂ ಚಿನಿವಾರನ ಶಂಕೆಯೂ ಏಕತ್ರ ಸೇರಿವೆ. ಇದರ ವಿಧಾನದಲ್ಲಿ ನನಗೆ ಗೌರವವುಂಟು, ಇದರ ಅಭಿರುಚಿಯಲ್ಲಿಲ್ಲ.

ಗಾಯಾಳುಗಳಿಗೆ ಕೊಡುತ್ತಿದ್ದ ಬಿಲ್ಲೆಯನ್ನೇ ನೋಡೋಣ. ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು 1918ರ ಮಾರ್ಚ್ 3ರಂದು ಸ್ಥಾಪಿಸಿದ ಇದನ್ನು ಹಿಟ್ಲರನು 1939ರ ಸೆಪ್ಟೆಂಬರ್ 1ರಂದು, ಪೋಲೆಂಡಿನ ಮೇಲೆ ದಂಡೆತ್ತಿದ ದಿನವೇ, ಪುನಃ ಜಾರಿಗೆ ತಂದನು. ಒಂದೆರಡು ಗಾಯಕ್ಕೆ ಕಪ್ಪು, ಮೂರು ನಾಲ್ಕಕ್ಕೆ ಬೆಳ್ಳಿಯ ಬಣ್ಣ, ಐದಕ್ಕೂ ಅದಕ್ಕೆ ಮೇಲ್ಪಟ್ಟವಕ್ಕೂ ಹೊನ್ನಿನ ಬಣ್ಣ. ಕೈಯೋ ಪಾದವೋ ಹೋದವನಿಗೆ ಒಂದೇ ಏಟಿಗೆ ಬೆಳ್ಳಿ, ಎರಡು ಕಣ್ಣೂ ಹೋದವನಿಗೆ ಹೊನ್ನು. ಅಂಗಾಂಗಗಳಿಗೆ ಹೀಗೊಂದು ದರಪಟ್ಟಿಯನ್ನು ಬರೆದ ಗುಮಾಸ್ತನ ಕೈ ನಡುಗಿತೋ ಇಲ್ಲವೋ!

ಕಾಲನಿರ್ಣಯಕ್ಕೆ ಮುಖ್ಯ ಆಧಾರವು ಲೋಹ. ಯುದ್ಧಾರಂಭದಲ್ಲಿ ಮೇಲ್ದರ್ಜೆಯ ಬಿಲ್ಲೆಗಳು ತಾಮ್ರಾಂಶ ಅಧಿಕವಾದ, ಟೊಂಬಾಕ್ ಎಂಬ ಹಿತ್ತಾಳೆಯಲ್ಲಿ ಮೂಡುತ್ತಿದ್ದವು. ತಾಮ್ರವೆಲ್ಲವೂ ಯುದ್ಧಸಾಮಗ್ರಿಗೆ ಬೇಕಾಗುತ್ತ ಬಂದಂತೆ ಟೊಂಬಾಕಿನ ಸ್ಥಾನವನ್ನು ಸತು ಆಕ್ರಮಿಸಿತು. ಸತುವಿನ ಮೇಲೆ ಮುಲಾಮು ನಿಲ್ಲದು. ಕೆಲವೇ ವರ್ಷಗಳಲ್ಲಿ ಹೊಳಪು ಇಂಗಿಹೋಗಿ, ಐದು ಗಾಯದವನ ಹೊನ್ನೂ ಮೂರು ಗಾಯದವನ ಬೆಳ್ಳಿಯೂ ಬರಿಗಣ್ಣಿಗೆ ಭೇದ ತೋರದಷ್ಟು ಸಮಾನವಾಗಿ ಬೂದಿಬಣ್ಣಕ್ಕೆ ತಿರುಗುವುದುಂಟು. ಹಿಂಬದಿಯ ಮುದ್ರೆಗಳೂ ಸಾಕ್ಷಿ ನುಡಿಯುತ್ತವೆ: 'ಎಲ್' ಅಕ್ಷರದೊಡನೆ ಕೂಡಿದ ಅಂಕಿಯು ಅಂಗಡಿಯ ಮಾರಾಟಕ್ಕೆ ತಯಾರಾದುದರ ಗುರುತು, ಮತ್ತು ಅದು 1941ಕ್ಕಿಂತ ಹಿಂದಿನದಾಗಿರಲಾರದು, ಬರಿಯ 30 ಎಂದಿದ್ದರೆ ಅದು ವಿಯೆನ್ನಾದ ಟಂಕಸಾಲೆಯದು.

ಆದರೆ ಇಂಥ ನಿರ್ಣಯವು ಬಿಲ್ಲೆ ತಯಾರಾದ ಕಾಲವನ್ನಷ್ಟೇ ಹೇಳಬಲ್ಲದು, ಅದು ಒಬ್ಬನ ಎದೆಗೇರಿದ ಕಾಲವನ್ನಲ್ಲ. ತಯಾರಿಕೆಯ ವಿಷಯದಲ್ಲಿಯೂ ತೊಡಕಿಲ್ಲದಿಲ್ಲ. ಲ್ಯೂಡೆನ್‌ಶೈಡ್ ಪಟ್ಟಣದ ಸ್ಟೈನ್‌ಹೌವರ್ ಮತ್ತು ಲ್ಯೂಕ್ ಸಂಸ್ಥೆಯು ಯುದ್ಧಕಾಲದಲ್ಲಿ ಪದಕಗಳನ್ನು ಮಾಡಿತು. ಸ್ವಸ್ತಿಕವನ್ನು ತೆಗೆದು ಅವನ್ನು ಧರಿಸಬಹುದೆಂದು ಪಶ್ಚಿಮ ಜರ್ಮನಿ 1957ರಲ್ಲಿ ಶಾಸನ ಮಾಡಿದಾಗ ಹೊಸವನ್ನೂ ಅದೇ ಮಾಡಿತು. ಇಂಥಲ್ಲಿ ಕುಶಲಿಗಳು ಅಚ್ಚಿನ ಬಿರುಕನ್ನೇ ಹಿಡಿದು ಹೊರಡುತ್ತಾರೆ: ಅಚ್ಚು ಸವೆದಂತೆ ಬಿರುಕು ಬೆಳೆಯುವುದರಿಂದ, ಕಿರಿದಾದ ಬಿರುಕುಳ್ಳದ್ದು ಮೊದಲು, ಹಿರಿದಾದುದು ಆಮೇಲೆ. ಈ ತರ್ಕವು ನಿಜಕ್ಕೂ ಸುಂದರವಾದುದು. ಪೌರ್ವಾಪರ್ಯವನ್ನು ವಸ್ತುವಿನ ಊನದಿಂದಲೇ ಓದುವ ಈ ವಿದ್ಯೆಗೆ ನಾಣ್ಯಶಾಸ್ತ್ರದ ಪಕ್ಕದಲ್ಲಿ ಕೂರುವ ಅರ್ಹತೆಯಿದೆ. ಸೂಜಿಗಲ್ಲಿನಂಥ ಸುಲಭ ಪರೀಕ್ಷೆಗಳಿಗೆ ಅಷ್ಟು ಮರ್ಯಾದೆ ಸಲ್ಲದು. ಕಬ್ಬಿಣದ ಶಿಲುಬೆಯೆಂಬ ಪದಕದ ಅಸಲು ಪ್ರತಿಗಳಲ್ಲಿಯೂ ಕಬ್ಬಿಣವಿಲ್ಲದ ತಿರುಳಿನವು ಇವೆ.

ನನ್ನ ಆಕ್ಷೇಪಣೆಯಿರುವುದು ಬೆಲೆಯ ವಿಷಯದಲ್ಲಿ. ಇಷ್ಟು ಸೂಕ್ಷ್ಮವಾಗಿ ಓದಬಲ್ಲವರು ಹೊಳಪು ಮಾಸದ ಟೊಂಬಾಕನ್ನು ಮೆಚ್ಚಿ, ಸತುವನ್ನು ಕೀಳೆಂದು ಪಕ್ಕಕ್ಕೆ ಸರಿಸುತ್ತಾರೆ. ಗೆಲುವಿನ ಭ್ರಮೆಯಲ್ಲಿದ್ದಾಗಿನ ಲೋಹಕ್ಕೆ ಮನ್ನಣೆ, ರಾಜ್ಯವು ಬರಿದಾಗುತ್ತಿದ್ದುದನ್ನು ಮೈಮೇಲೆ ಬರೆದುಕೊಂಡಿರುವ ಲೋಹಕ್ಕೆ ಅನಾದರ. ಬಿಲ್ಲೆಯೊಡನೆ ಬಂದ ಪ್ರದಾನಪತ್ರದಲ್ಲಿ ಗಾಯಗೊಂಡವನ ಹೆಸರೂ ದಳವೂ ತೇದಿಯೂ ಶಾಯಿಯಲ್ಲಿ ಬರೆದಿರುತ್ತವೆ. ವ್ಯಾಪಾರಿಗಳು ಲಾಭ ಹೆಚ್ಚೀತೆಂದು ಬಿಲ್ಲೆಯನ್ನೂ ಪತ್ರವನ್ನೂ ಬೇರೆಬೇರೆಯಾಗಿ ಮಾರುವುದುಂಟು. ಕೊಂಡವನು ಮನೆಗೆ ಹೋಗಿ, ಭೂತಗನ್ನಡಿ ಹಿಡಿದು, ಪಿನ್ನಿನ ಬೆಸುಗೆಯಲ್ಲಿ ಕಾಲವನ್ನು ಹುಡುಕತೊಡಗುತ್ತಾನೆ.